ಸುಣ್ಣದ ತಿಳಿ

ನಮ್ಮೂರು ಮಸ್ಕಿ ಹತ್ತಿರದ ಒಂದು ಹಳ್ಳಿ. ಅಲ್ಲಿಂದ ಯಾವ ಬಸ್ ಹಿಡಿದರೂ ಸಮುದ್ರಕ್ಕೆ ಮುನ್ನೂರು ಕಿಲೋಮೀಟರಿಗಿಂತ ಹೆಚ್ಚೇ. ನಾನು ಮೊದಲ ಸಲ ಸಮುದ್ರ ನೋಡಿದಾಗ ಬಿ.ಇ. ಮುಗಿದು ಕೆಲಸಕ್ಕೆ ಸೇರಿಯಾಗಿತ್ತು. ಸಮುದ್ರದ ಒಳಗೆ ಇಳಿದದ್ದು ಇನ್ನೂ ತಡವಾಗಿ, ಮುರುಡೇಶ್ವರದಿಂದ ಬೋಟಿನಲ್ಲಿ ಗಂಟೆಗೂ ಮಿಕ್ಕಿ ಹೋದರೆ ಸಿಗುವ ನೇತ್ರಾಣಿ ದ್ವೀಪದ ಹತ್ತಿರ, ಆಫೀಸಿನ ಗೆಳೆಯರ ಜೊತೆ. ಬಾಯಲ್ಲಿ ಪೈಪು ಕಚ್ಚಿಕೊಂಡು, ಹೆದರಿಕೆಗೆ ಅರ್ಧ ಕಣ್ಣು ಮುಚ್ಚಿಕೊಂಡೇ ಇಳಿದವನು, ಕಣ್ಣು ಬಿಟ್ಟಾಗ ಕೆಳಗೆ ಹವಳದ ಬಂಡೆ. ಅದರ ಮೇಲೆ ಸಣ್ಣ ಸಣ್ಣ ಮೀನು, ಜಾತ್ರೆಯಲ್ಲಿ ಪುಗ್ಗೆ ಹಾರಿದ ಹಾಗೆ. ಮೇಲೆ ಬಂದ ಮೇಲೂ ತಲೆಯಿಂದ ಅದು ಹೋಗಲೇ ಇಲ್ಲ.

ಇಂಜಿನಿಯರ್ ತಲೆಯೊಳಗೆ ಏನಾದರೂ ಹೊಕ್ಕರೆ ಅದು ಎಕ್ಸೆಲ್ ಶೀಟಾಗಿಯೇ ಹೊರಗೆ ಬರೋದು. ನನ್ನದೂ ಹಂಗೇ ಆಯ್ತು. ಶೀಟಿನ ಹೆಸರು 'ರೀಫ್ ವಿ3'. ಬೆಂಗಳೂರಿನ ನಮ್ಮ ಎರಡು ಬೆಡ್‌ರೂಮಿನ ಮನೆಯ ಹಾಲಿನಲ್ಲಿ 200 ಲೀಟರಿನ ಗಾಜಿನ ತೊಟ್ಟಿ, ಅದರೊಳಗೆ ಜೀವಂತ ಹವಳ, ಎಲ್ಲವನ್ನೂ ತಾನೇ ಅಳೆದು ತಾನೇ ಹಾಕಿಕೊಳ್ಳುವ ಯಂತ್ರ. ಒಟ್ಟು 41 ಸಾಲು, ಅಂದಾಜು ಖರ್ಚು 2 ಲಕ್ಷ 84 ಸಾವಿರ. ನನ್ನ ಹೆಂಡತಿ ಲ್ಯಾಪ್‌ಟಾಪಿನೊಳಗೆ ಇಣುಕಿ ಕೇಳಿದಳು: "ಇದರಲ್ಲಿ ಮೀನಿಗೆ ಎಷ್ಟು?"

"ಆರು ಸಾವಿರ."

ಅವಳು ಮುಂದೆ ಏನೂ ಕೇಳಲಿಲ್ಲ.

ಯಾಕೆ ಅಷ್ಟೊಂದು ಯಂತ್ರ ಅಂತ ನೀವೂ ಕೇಳಬಹುದು. ಹೇಳ್ತೀನಿ. ಗಟ್ಟಿ ಹವಳ ಅಂದರೆ ಸುಣ್ಣದ ಮನೆ ಕಟ್ಟುವ ಜೀವಿ. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟನ್ನು ಎಳೆದುಕೊಂಡು ತನ್ನ ಎಲುಬು ಕಟ್ಟಿಕೊಳ್ಳುತ್ತೆ. ಸಮುದ್ರದಲ್ಲಿ ಇದಕ್ಕೆ ಬರ ಇಲ್ಲ. ಗಾಜಿನ ತೊಟ್ಟಿಯಲ್ಲಿ ಮಾತ್ರ ನಾಲ್ಕು ದಿನಕ್ಕೇ ಲೆಕ್ಕ ತಪ್ಪುತ್ತೆ. ಉಪ್ಪು ಲೀಟರಿಗೆ 35 ಗ್ರಾಂ ಆಸುಪಾಸು, ಶಾಖ 25-26 ಡಿಗ್ರಿ, ಕ್ಯಾಲ್ಸಿಯಂ 420 ಪಿಪಿಎಂ, ಮೆಗ್ನೀಸಿಯಂ 1300, ಕ್ಷಾರತೆ ಎಂಟು-ಒಂಬತ್ತು ಡಿಗ್ರಿ. ಇಷ್ಟೂ ನಿಂತಲ್ಲೇ ನಿಲ್ಲಬೇಕು. ಅಂಕಿ ಸ್ವಲ್ಪ ಹೆಚ್ಚುಕಡಿಮೆ ಇದ್ದರೆ ಹವಳ ತಡಕೊಳ್ಳುತ್ತೆ, ಇವತ್ತೊಂದು ನಾಳೆಯೊಂದು ಆದರೆ ತಡಕೊಳ್ಳಲ್ಲ. ಅದಕ್ಕೇ ದಿನಾ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಇರಬೇಕು. ಇದನ್ನೇ ಡೋಸಿಂಗ್ ಅಂತಾರೆ.

ಹಾಕೋದಕ್ಕೆ ಹಲವು ದಾರಿ ಇವೆ. ಒಂದು ಬಾಟಲಿಯಲ್ಲಿ ಕ್ಯಾಲ್ಸಿಯಂ ಕ್ಲೋರೈಡ್, ಇನ್ನೊಂದರಲ್ಲಿ ಸೋಡಾ, ಎರಡನ್ನೂ ಬೇರೆ ಬೇರೆ ಹೊತ್ತಿಗೆ ಬಿಡೋದು ಒಂದು. ಒಟ್ಟಿಗೆ ಬಿಟ್ಟರೆ ನೀರಿನಲ್ಲೇ ಸೀಮೆಸುಣ್ಣ ತಯಾರಾಗಿ ಬಿಳಿ ಪುಡಿ ಉದುರುತ್ತೆ. ಇನ್ನೊಂದು ಹಳೆಯ, ಅಗ್ಗದ ದಾರಿ. ಅದಕ್ಕೆ ಜರ್ಮನ್ ಹೆಸರು: ಕಾಲ್ಕ್‌ವಾಸರ್. ದೊಡ್ಡ ವಿದ್ಯೆ ಇರಬೇಕು ಅಂತ ಎರಡು ವಿಡಿಯೋ ನೋಡಿದೆ. ಮೂರನೆಯದು ನೋಡುವಾಗ ಗೊತ್ತಾಯ್ತು, ಅದು ಬರೀ ಸುಣ್ಣದ ತಿಳಿ! ಸುಣ್ಣ ನೀರಿಗೆ ಹಾಕಿ ಕಲಕಿ, ಇಳಿಯೋಕೆ ಬಿಟ್ಟು, ಮೇಲಿನ ತಿಳಿ ತೆಗೆದುಕೊಳ್ಳೋದು. ಎಲೆ-ಅಡಿಕೆ ಡಬ್ಬಿ ಇಟ್ಟುಕೊಂಡ ನಮ್ಮ ಅಜ್ಜಿಗೆ ಇದು ಯಾವ ವಿಡಿಯೋನೂ ಇಲ್ಲದೆ ಗೊತ್ತಿತ್ತು.

ಆದರೆ ಈ ತಿಳಿ ಸೌಮ್ಯ ಅಲ್ಲ. ಅದರ ಪಿಎಚ್ 12.4ರ ಹತ್ತಿರ. 200 ಲೀಟರ್ ತೊಟ್ಟಿಗೆ ಒಂದು ಲೀಟರ್ ತಿಳಿ ಹೋದರೆ ಕ್ಯಾಲ್ಸಿಯಂ 4 ಪಿಪಿಎಂ ಏರುತ್ತೆ, ಕ್ಷಾರತೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಏರುತ್ತೆ. ಇಡೀ ರಾತ್ರಿ ಹನಿ ಹನಿಯಾಗಿ ಹೋದರೆ ಅಮೃತ. ಅದೇ ಹತ್ತು ಲೀಟರ್ ಒಮ್ಮೆಲೇ ಹೋದರೆ ಬೆಳಿಗ್ಗೆ ತೊಟ್ಟಿ ಹಾಲಿನ ಹಾಗೆ ಬೆಳ್ಳಗಾಗಿರುತ್ತೆ, ಒಳಗೆ ಯಾರೂ ಇರಲ್ಲ. ರಾತ್ರಿಯೇ ಯಾಕೆ ಹಾಕಬೇಕು ಅನ್ನೋದಕ್ಕೂ ಕಾರಣ ಇದೆ. ಹಗಲು ಬೆಳಕಿನಲ್ಲಿ ಹವಳದೊಳಗಿನ ಪಾಚಿ ಇಂಗಾಲದ ಡೈಆಕ್ಸೈಡ್ ಬಳಸಿಕೊಳ್ಳುತ್ತೆ. ದೀಪ ಆರಿದ ಮೇಲೆ ಎಲ್ಲರೂ ಉಸಿರು ಬಿಡೋರೇ. ಪಿಎಚ್ ಇಳೀತಾ ಇಳೀತಾ ಬೆಳಗಿನ ಜಾವಕ್ಕೆ ತಳ ಮುಟ್ಟುತ್ತೆ. ಆ ಇಳಿಯೋದನ್ನ ಸುಣ್ಣದ ತಿಳಿ ಎತ್ತಿ ಹಿಡಿಯುತ್ತೆ.

ಈ ಬೆಳಗಿನ ಜಾವದ ಮಾತು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತೆ. ನಾನು ನೆನಪಿಟ್ಟುಕೊಳ್ಳಲಿಲ್ಲ.

2024ರ ಯುಗಾದಿಗೆ ಊರಿಗೆ ಹೋದೆ. ಆ ಬೇಸಿಗೆ ಕಾಲುವೆ ಒಣಗಿ ಬಿರುಕು ಬಿಟ್ಟಿತ್ತು. ಬೇವು-ಬೆಲ್ಲ ತಿಂದು ಕಟ್ಟೆ ಮೇಲೆ ಕೂತಾಗ ಅಪ್ಪನಿಗೆ ನನ್ನ ಯೋಜನೆ ವಿವರಿಸಿದೆ. ತೊಟ್ಟಿಯಿಂದ ದಿನಾ ಎರಡು ಲೀಟರ್ ನೀರು ಆವಿಯಾಗುತ್ತೆ, ಉಪ್ಪು ಮಾತ್ರ ಅಲ್ಲೇ ಉಳಿಯುತ್ತೆ, ಹಾಗಾಗಿ ತುಂಬಿಸೋದು ಸಿಹಿನೀರನ್ನೇ, ಉಪ್ಪುನೀರು ತುಂಬಿಸ್ತಾ ಹೋದರೆ ಉಪ್ಪು ಏರ್ತಾ ಹೋಗುತ್ತೆ ಅಂತೆಲ್ಲ.

ಅಪ್ಪ ನಕ್ಕ. "ಇದನ್ನ ಹೇಳಾಕ ಬೆಂಗಳೂರಿಗೆ ಹೋಗಿ ಬರಬೇಕೇನೋ? ಸಿಂಧನೂರಾಗ ನಿಮ್ಮ ದೊಡ್ಡಪ್ಪನ ಹೊಲ ನೋಡು. ಹಂಗ ಸವಳು ಬಿದ್ದದ್ದು."

ಅವನ ಮಾತು ಸರಿಯೇ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಡೋಕೆ ಶುರುವಾದ ಮೇಲೆ ಎಡದಂಡೆ ಕಾಲುವೆಯ ನೀರಲ್ಲಿ ನಮ್ಮ ಕಡೆ ಜೋಳದ ಎರೆ ಹೊಲಗಳು ಗದ್ದೆಯಾದವು. ಸಿಂಧನೂರು ಭತ್ತದ ಊರಾಯ್ತು. ಆದರೆ ನಿಂತ ನೀರು ಬಸಿದು ಹೋಗೋಕೆ ದಾರಿ ಇಲ್ಲದ ಕಡೆ ಒಳಗಿನ ನೀರಿನ ಮಟ್ಟ ಮೇಲೇರಿತು, ಜೊತೆಗೆ ಮಣ್ಣಿನ ಉಪ್ಪೂ ಏರಿತು. ಬಿಸಿಲಿಗೆ ನೀರು ಹೋಯ್ತು, ಉಪ್ಪು ಮೇಲೆ ಉಳೀತು. ದೊಡ್ಡಪ್ಪನ ತಗ್ಗಿನ ಎರಡು ಎಕರೆ ಹಂಗೇ ಬೆಳ್ಳಗಾಯ್ತು. ಭತ್ತ ಬರಲಿಲ್ಲ. ದೊಡ್ಡಪ್ಪನ ಮಗ, ನಮ್ಮಣ್ಣ, ಅದನ್ನು ತೋಡಿಸಿ ಮೀನಿನ ಹೊಂಡ ಮಾಡಿದ. ಸೊಸೈಟಿಯಲ್ಲಿ ಸಾಲ ತೆಗೆದು, ಕಾಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟ.

ಮರುದಿನ ಲಿಂಗಸುಗೂರಿಗೆ ಕಾಕಾನನ್ನು ನೋಡೋಕೆ ಹೋದೆ. ಕಾಕಾ ಹಟ್ಟಿ ಚಿನ್ನದ ಗಣಿಯ ಮಿಲ್ಲಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆದವರು. ಶಿಫ್ಟಿನ ಮನುಷ್ಯ. ಇವತ್ತಿಗೂ ರಾತ್ರಿ ಎರಡಕ್ಕೆ ಎಚ್ಚರ ಆಗುತ್ತಂತೆ. ಅವರಿಗೂ ಶೀಟು ತೋರಿಸಿದೆ. ಸುಣ್ಣ ಅಂದ ತಕ್ಷಣ ಕನ್ನಡಕ ಹಾಕ್ಕೊಂಡರು.

ಹಟ್ಟಿಯಲ್ಲಿ ಅದಿರನ್ನು ಹಿಟ್ಟಿನ ಹಾಗೆ ಅರೆದು ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸ್ತಾರೆ. ಸೈನೈಡಿಗೂ ಮೊದಲು ಹೋಗೋದು ಸುಣ್ಣ. ಪಿಎಚ್ ಹತ್ತರ ಮೇಲೆ ಇರಲೇಬೇಕು. ಅದು ಇಳಿದರೆ ಸೈನೈಡ್ ನೀರಿನಲ್ಲಿ ನಿಲ್ಲದೆ ವಿಷಗಾಳಿಯಾಗಿ ಎದ್ದು ಬರುತ್ತೆ. ನಾನು ಹವಳದ ಬಗ್ಗೆ ಮಾತಾಡ್ತಿದ್ದೆ, ಕಾಕಾ ಮನುಷ್ಯರ ಬಗ್ಗೆ ಮಾತಾಡ್ತಿದ್ದರು. ಆದರೆ ಡೋಸಿಂಗ್ ಎರಡೂ ಕಡೆ ಒಂದೇ.

"ನಿನ್ನ ಪಂಪು ಹಾಕ್ಕೋತ ಹೋಗಿ ನಿಲ್ಲಲಿಲ್ಲಂದ್ರ?"

"ರಿಲೇ ಆಫ್ ಆಗ್ತದ ಕಾಕಾ. ಪಿಎಚ್ 8.5 ದಾಟಿದ್ರ ಕೋಡ್‌ನಾಗ ಬಂದ್ ಮಾಡೀನಿ."

"ರಿಲೇನೇ ಅಂಟ್ಕೊಂಡ್ರ?"

ನಾನು ಸುಮ್ಮನಾದೆ. ರಿಲೇ ಅಂಟಿಕೊಳ್ಳುತ್ತೆ. ಒಳಗಿನ ಎರಡು ಲೋಹದ ತುದಿ ಕಿಡಿಗೆ ಬೆಸೆದುಕೊಂಡರೆ, ಕೋಡು ಎಷ್ಟು ಸಲ ಆಫ್ ಅಂದರೂ ಪಂಪು ಆನೇ ಇರುತ್ತೆ.

"ಮತ್ತ ಆ ಪಿಎಚ್ ನೋಡೋದು ಯಾರು?"

"ಅದೇ ಬೋರ್ಡ್."

ಕಾಕಾ ಕನ್ನಡಕ ತೆಗೆದರು. "ನೋಡು ತಮ್ಮಾ, ನಮ್ಮಲ್ಲಿ ಮೀಟರ್ ಇದ್ರೂ ಒಬ್ಬ ಹುಡುಗ ಹೊತ್ತಿಗೊಮ್ಮೆ ಸ್ಯಾಂಪಲ್ ಹಿಡ್ಕೊಂಡು ಬಂದು ಕೈಯಾರೆ ಟೆಸ್ಟ್ ಮಾಡಿ ಬುಕ್ಕಿನಾಗ ಬರೀತಿದ್ದ. ಹಾಕೋ ಕೈ ಬೇರೆ ಇರಬೇಕು, ನೋಡೋ ಕಣ್ಣು ಬೇರೆ ಇರಬೇಕು. ಎರಡೂ ಒಬ್ಬನ ಹಂತ್ಯಾಕ ಕೊಟ್ರ ಅವ ತಪ್ಪಿದಾಗ ಹೇಳಾಕ ಯಾರೂ ಇರಂಗಿಲ್ಲ."

ನಾನು ಶೀಟಿನಲ್ಲಿ 42ನೇ ಸಾಲು ಸೇರಿಸಿದೆ: 'ಎರಡನೇ ಬೋರ್ಡ್, 600 ರೂಪಾಯಿ.' ಕಾಕಾನ ಮಾತು ಅರ್ಥ ಆಯ್ತು ಅಂದುಕೊಂಡೆ.

ಬೆಂಗಳೂರಿಗೆ ವಾಪಸ್ ಬಂದು ಬೋರ್ಡು, ಪಂಪು, ಪ್ರೋಬು ತರಿಸಿಕೊಂಡೆ. ತೊಟ್ಟಿಗೆ ಅಡ್ವಾನ್ಸ್ ಕೊಡೋ ಮೊದಲು, ಯಾಕೋ ಒಂದು ರಾತ್ರಿ ಕಾಯ್ದೆ ತೆಗೆದು ಓದಿದೆ. ಅಂಗಡಿಯವನು "ಎಲ್ಲಾ ಇಂಪೋರ್ಟೆಡ್ ಸರ್, ಏನೂ ತೊಂದರೆ ಇಲ್ಲ" ಅಂದಿದ್ದ. ಕಾಯ್ದೆ ಬೇರೆ ಹೇಳ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಷೆಡ್ಯೂಲಿಗೆ 2001ರಲ್ಲೇ ಗಟ್ಟಿ ಹವಳಗಳನ್ನು ಸೇರಿಸಿದ್ದಾರೆ. ಹುಲಿ, ಆನೆ ಇರೋ ಪಟ್ಟಿ ಅದು. ಹೊರಗಿನಿಂದ ತಂದದ್ದು ಅನ್ನೋದಕ್ಕೆ ಕಾಗದ ಬೇಕು. ಆ ಕಾಗದ ತೋರಿಸಿ ಅಂದಾಗ ಅಂಗಡಿಯವನು ಮಾತು ಬದಲಿಸಿದ. ಕಾಗದ ಇಲ್ಲದ ಹವಳ ಯಾವ ದ್ವೀಪದಿಂದ, ಯಾವ ರಾತ್ರಿ ಕಿತ್ತು ಬಂತೋ ಯಾರಿಗೆ ಗೊತ್ತು? ನೇತ್ರಾಣಿಯಲ್ಲಿ ಕಣ್ಣಾರೆ ನೋಡಿ ಬಂದವನಿಗೆ ಅದು ಮನಸ್ಸಿಗೆ ಬರಲಿಲ್ಲ. ಗಟ್ಟಿ ಹವಳ ಬೇಡ ಅಂತ ತೀರ್ಮಾನ ಮಾಡಿದೆ.

ಆದರೆ ನೋಡಿ ಪೇಚು. ಕ್ಯಾಲ್ಸಿಯಂ ಅಷ್ಟೊಂದು ತಿನ್ನೋದೇ ಗಟ್ಟಿ ಹವಳ. ಅದಿಲ್ಲ ಅಂದರೆ ಡೋಸಿಂಗ್ ಬೇಕಾಗಿಲ್ಲ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಸಾಕು. ಅಂದರೆ ನನ್ನ ಮೇಜಿನ ಮೇಲಿದ್ದ ಅಷ್ಟೂ ಯಂತ್ರಕ್ಕೆ ಈಗ ಕೆಲಸವೇ ಇಲ್ಲ. ಸಾಫ್ಟ್‌ವೇರಿನವರಿಗೆ ಈ ಸ್ಥಿತಿ ಚೆನ್ನಾಗಿ ಗೊತ್ತು: ಉತ್ತರ ರೆಡಿ ಇದೆ, ಪ್ರಶ್ನೆ ಹುಡುಕಬೇಕು.

ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯ್ತು. ಬರಗಾಲ ಕಳೆದು ಆಗಷ್ಟೇ ತುಂಬಿದ್ದ ಅಣೆಕಟ್ಟು. ಭಾರ ಇಳಿಸೋಕೆ 33 ಗೇಟೂ ತೆಗೆದು ಕಣ್ಣೆದುರೇ ನೀರು ಹೊಳೆಗೆ ಬಿಡಬೇಕಾಯ್ತು. ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಮುಚ್ಚೋ ತನಕ ಆ ವಾರ ನಮ್ಮ ಕಡೆಯವರು ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಕಾಕಾ ಫೋನ್ ಮಾಡಿ ಎರಡೇ ಮಾತು ಹೇಳಿದರು: "ನೋಡಿದ್ಯಾ? ಒಂದು ಚೈನು."

ಅಣ್ಣನ ಫೋನೂ ಬಂತು. ಮರಿ ಬಿಟ್ಟು ಹತ್ತೇ ದಿನ ಆಗಿತ್ತು. "ಹೊಂಡದಾಗ ನೀರು ಐತಿ ತಮ್ಮ, ಅದರ ಚಿಂತಿ ಇಲ್ಲ. ಆದ್ರ ಈ ವರ್ಷ ಮೀನು ಕೈ ಕೊಟ್ರ ನಾನು ಎದ್ದು ನಿಲ್ಲಂಗಿಲ್ಲ."

ಅವತ್ತೇ ನನಗೆ ಪ್ರಶ್ನೆ ಸಿಕ್ಕಿತು.

ಮೀನಿನ ಹೊಂಡದ ಕಥೆಯೂ ಬೆಳಗಿನ ಜಾವದ್ದೇ. ಹಗಲು ಹಸಿರು ಪಾಚಿ ನೀರಿಗೆ ಆಮ್ಲಜನಕ ಬಿಡುತ್ತೆ. ರಾತ್ರಿ ಪಾಚಿ, ಮೀನು, ತಳದ ಕೆಸರು ಎಲ್ಲಾ ಸೇರಿ ಅದನ್ನೇ ಉಸಿರಾಡ್ತವೆ. ಸೂರ್ಯ ಹುಟ್ಟೋ ಮುಂಚೆ ಆಮ್ಲಜನಕ ಅತಿ ಕಡಿಮೆ. ಮೋಡ ಕವಿದ ದಿನವಾದರೆ ಹಗಲಿನ ಗಳಿಕೆಯೂ ಕಮ್ಮಿ, ರಾತ್ರಿಯ ಖರ್ಚು ಅಷ್ಟೇ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ನೆಮ್ಮದಿ, 3ಕ್ಕೆ ಇಳಿದರೆ ಮೀನು ಒದ್ದಾಡ್ತವೆ, ಅದಕ್ಕೂ ಕೆಳಗೆ ಹೋದರೆ ಕಾಟ್ಲಾ ಬಾಯಿ ತೆರೆದು ಮೇಲೆ ಬರುತ್ತೆ. ಆಗ ಏರೇಟರ್ ಹಾಕಬೇಕು, ನೀರು ಬಡಿಬೇಕು. ಅಣ್ಣ ಇದಕ್ಕಾಗಿ ದಿನಾ ರಾತ್ರಿ ಮೂರಕ್ಕೆ ಎದ್ದು ಬ್ಯಾಟರಿ ಹಿಡಿದು ಹೊಂಡದ ಸುತ್ತ ಒಂದು ಸುತ್ತು ಹಾಕ್ತಿದ್ದ. ಎರಡು ವರ್ಷದಿಂದ ಅದೇ.

ದಸರಾ ರಜೆಗೆ ಸಾಮಾನೆಲ್ಲ ಬ್ಯಾಗಿನಲ್ಲಿ ತುಂಬಿಕೊಂಡು ಸಿಂಧನೂರು ಬಸ್ ಹತ್ತಿದೆ. ಹವಳಕ್ಕೆ ತಂದ ಬೋರ್ಡು, ರಿಲೇ. ಹೊಸದಾಗಿ ಕೊಂಡದ್ದು ಆಮ್ಲಜನಕದ ಪ್ರೋಬು ಒಂದೇ. ಎರಡು ದಿನ ಕೂತು ಜೋಡಿಸಿದೆ. ಆಮ್ಲಜನಕ 3.5ಕ್ಕೆ ಇಳಿದರೆ ಏರೇಟರ್ ತಾನೇ ಆನ್, ನನ್ನ ಫೋನಿಗೂ ಅಣ್ಣನ ಫೋನಿಗೂ ಮೆಸೇಜು. ಮೊದಲ ರಾತ್ರಿ ನಾಲ್ಕು ಗಂಟೆಗೆ ಏರೇಟರ್ ತಾನೇ ಗರಗರ ಅಂತ ಎದ್ದಾಗ ಅಣ್ಣ ಹೊರಸಿನಿಂದ ಎದ್ದು ಕೂತು ನಕ್ಕುಬಿಟ್ಟ. ಅತ್ತಿಗಿ ಬೆಳಿಗ್ಗೆ ಹೋಳಿಗೆ ಮಾಡಿದ್ದಳು. "ನಿಮ್ಮಣ್ಣ ಎರಡು ವರ್ಷಕ್ಕ ಇವತ್ತು ಬೆಳತನಕ ಮಲಗ್ಯಾನ ನೋಡು" ಅಂದಳು.

ಆ ಮಾತು ನನಗೆ ಯಾವ ಪ್ರಮೋಷನ್ನಿಗಿಂತ ದೊಡ್ಡದು ಅನಿಸಿತ್ತು. ಆಫೀಸಿನಲ್ಲಿ ನಾಲ್ಕು ಜನಕ್ಕೆ ಗ್ರಾಫ್ ತೋರಿಸಿದೆ. ದಿನಾ ರಾತ್ರಿ ಇಳಿದು, ಹಗಲು ಏರೋ ಅಲೆಯಂಥ ಗೆರೆ. ಆ ಗೆರೆಯಲ್ಲಿ ಅಲ್ಲಲ್ಲಿ ಸಿಗ್ನಲ್ ಸಿಗದೆ ತೂತು ಬೀಳ್ತಿತ್ತು. ನೋಡೋಕೆ ಚೆಂದ ಕಾಣ್ತಿರಲಿಲ್ಲ. ಹಾಗಾಗಿ ಒಂದು ಭಾನುವಾರ ಕೋಡಿನಲ್ಲಿ ಒಂದು ಸಾಲು ಸೇರಿಸಿದೆ. ಪ್ರೋಬು ಓದೋದು ಫೇಲಾದರೆ, ಕೊನೆಯ ಸಲ ಸಿಕ್ಕ ಅಂಕಿಯನ್ನೇ ಮತ್ತೆ ಕೊಡು. ಅಷ್ಟೇ. ಒಂದೇ ಸಾಲು. ತೂತು ಮುಚ್ಚಿತು.

ಡಿಸೆಂಬರ್ ಮೊದಲ ವಾರ. ಬಂಗಾಳಕೊಲ್ಲಿಯಲ್ಲಿ ಚಂಡಮಾರುತ, ನಮ್ಮ ಕಡೆಗೂ ಮೂರು ದಿನ ಮೋಡ. ಆ ಸಂಜೆ ಐದರ ಸುಮಾರಿಗೆ ಪ್ರೋಬಿನ ಕೇಬಲನ್ನು ಇಲಿ ಕಡಿದಿತ್ತು. ಆಗ ನೀರಿನ ಆಮ್ಲಜನಕ 6.2. ಆಮೇಲೆ ಕೇಳಿದಾಗಲೆಲ್ಲ ನನ್ನ ಕೋಡು 6.2, 6.2, 6.2 ಅಂತಲೇ ಹೇಳ್ತಾ ಹೋಯ್ತು.

ರಾತ್ರಿ ಹನ್ನೊಂದಕ್ಕೆ ಮಲಗೋ ಮುಂಚೆ ನಾನು ಫೋನಿನಲ್ಲಿ ಗ್ರಾಫ್ ನೋಡಿದೆ. ಗೆರೆ ನೇರವಾಗಿತ್ತು, ಹಗ್ಗ ಎಳೆದು ಕಟ್ಟಿದ ಹಾಗೆ. 'ಇವತ್ತು ನೀರು ಎಷ್ಟು ಸ್ಟೆಡಿ ಇದೆ' ಅಂದುಕೊಂಡು ಫೋನ್ ಕೆಳಗಿಟ್ಟೆ.

ಇದನ್ನು ಬರೆಯುವಾಗಲೂ ಹೊಟ್ಟೆಯಲ್ಲಿ ಏನೋ ಆಗುತ್ತೆ. ರಾತ್ರಿ ಹೊತ್ತು ನೀರಿನ ಆಮ್ಲಜನಕ ಇಳಿಯದೆ ಇರೋದು ಸಾಧ್ಯವೇ ಇಲ್ಲ. ಅದು ನನಗೆ ಗೊತ್ತಿತ್ತು. ಹವಳದ ತೊಟ್ಟಿಗೆ ಇದೇ ಪಾಠವನ್ನು ಆರು ತಿಂಗಳು ಓದಿದ್ದೆ. ಗೊತ್ತಿದ್ದವನೇ ನೋಡಿ, ಗೆರೆ ಚೆಂದ ಇದೆ ಅಂತ ಮಲಗಿದೆ.

ಬೆಳಿಗ್ಗೆ ಆರಕ್ಕೆ ಅಣ್ಣನ ಫೋನು. ಅವನು ಕೂಗಾಡಲಿಲ್ಲ. "ತಮ್ಮ, ನಿನ್ನ ಆ್ಯಪ್‌ನಾಗ ಎಷ್ಟು ತೋರಿಸ್ತದ ನೋಡು" ಅಂದ. ನೋಡಿದೆ. 6.2. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಿ ಎಲ್ಲಾ ಮ್ಯಾಲ ತೇಲ್ಯಾವು" ಅಂದ.

ಅವತ್ತೇ ರಾತ್ರಿ ಬಸ್ ಹತ್ತಿ ಮರುದಿನ ಬೆಳಿಗ್ಗೆ ಹೋಗಿ ಇಳಿದೆ. ಸತ್ತ ಮೀನು ಎತ್ತಿ ಗುಂಡಿಗೆ ಹಾಕೋ ಕೆಲಸ ಇನ್ನೂ ಮುಗಿದಿರಲಿಲ್ಲ. ದೊಡ್ಡವೇ ಮೊದಲು ಸಾಯೋದು, ಅವಕ್ಕೆ ಉಸಿರು ಜಾಸ್ತಿ ಬೇಕು. ಅರ್ಧ ಕೆಜಿ ದಾಟಿದ್ದ ಕಾಟ್ಲಾಗಳು. ಸುಮಾರು ಏಳು ಕ್ವಿಂಟಲ್ ಹೋಗಿತ್ತು, ಎಪ್ಪತ್ತು ಸಾವಿರದ ಮಾತು. ತಳದ ಮೃಗಾಲ್ ಒಂದಿಷ್ಟು, ರೋಹು ಒಂದಿಷ್ಟು ಉಳಿದಿದ್ದವು. ನಾನೂ ಪ್ಯಾಂಟು ಮಡಚಿ ಇಳಿದೆ. ಅತ್ತಿಗಿ ಚಹಾ ತಂದು ಕೊಟ್ಟಳು, ನನ್ನ ಮುಖ ನೋಡಲಿಲ್ಲ.

ಮಧ್ಯಾಹ್ನ ದಂಡೆ ಮೇಲೆ ಕೂತಾಗ ಕೋಡಿನ ಆ ಸಾಲಿನ ಬಗ್ಗೆ ಹೇಳಿದೆ. ಇಲಿಯ ಮೇಲೆ ಹಾಕಬಹುದಿತ್ತು. ಇಲಿ ಕಡಿದ ಕೇಬಲ್ ಅವನ ಕೈಯಲ್ಲೇ ಇತ್ತು. ಆದರೆ ಇಲಿ ಸುಳ್ಳು ಹೇಳಿರಲಿಲ್ಲ. ಇಲಿ ಬರೀ ಕೇಬಲ್ ಕಡಿದಿತ್ತು. ಎಲ್ಲಾ ಸರಿ ಇದೆ ಅಂತ ರಾತ್ರಿಯಿಡೀ ಹೇಳಿದ್ದು ನನ್ನ ಕೋಡು.

ಅಣ್ಣ ಕೇಳಿಸಿಕೊಂಡು, "ನೀನು ಬರೋಕ ಮುಂಚೆ ನಾನು ಮೂರಕ್ಕ ಎದ್ದೇಳ್ತಿದ್ದೆ" ಅಂದ.

ಬೈಗುಳ ಅಲ್ಲ, ಲೆಕ್ಕ. ಮೋಡ ಕವಿದಾಗ ಅವನು ಎರಡಕ್ಕೇ ಏಳ್ತಿದ್ದ. ಮೂಗಿಗೆ ನೀರಿನ ವಾಸನೆ ತಿಳೀತಿತ್ತು ಅವನಿಗೆ. ನಾನು ಅವನಿಗೆ ನಿದ್ದೆ ಕೊಟ್ಟೆ ಅಂತ ಹೆಮ್ಮೆ ಪಟ್ಟಿದ್ದೆ. ಕೊಟ್ಟಿದ್ದು ನಿದ್ದೆ, ಕಸಿದುಕೊಂಡಿದ್ದು ಎಚ್ಚರ. ಕಾಕಾ ಹೇಳಿದ ಕೈ ಮತ್ತು ಕಣ್ಣು ಆ ಹೊಂಡದ ಮೇಲೆ ಮೊದಲೇ ಬೇರೆ ಬೇರೆ ಇದ್ದವು. ಏರೇಟರ್ ಕೈ, ಅಣ್ಣ ಕಣ್ಣು. ನಾನು ಬಂದು ಎರಡನ್ನೂ ಒಂದೇ ಡಬ್ಬಿಗೆ ಹಾಕಿದೆ.

ದುಡ್ಡು ಕೊಡೋಕೆ ಹೋದೆ, ತಗೊಳ್ಳಲಿಲ್ಲ. "ಸಾಲ ನಂದು, ಹೊಂಡ ನಂದು" ಅಂದ. ಬಹಳ ಒತ್ತಾಯ ಮಾಡಿದ ಮೇಲೆ, ಹೊಸ ಮರಿಯ ಖರ್ಚು ಮತ್ತು ಕರೆಂಟು ಹೋದರೆ ಇರಲಿ ಅಂತ ಒಂದು ಸಣ್ಣ ಜನರೇಟರ್ ಒಪ್ಪಿಕೊಂಡ. ಹವಳದ ತೊಟ್ಟಿಯ ದುಡ್ಡಿನಲ್ಲಿ ಸುಮಾರು ಅಲ್ಲಿಗೆ ಹೋಯ್ತು. ನಾನು ಅಂದುಕೊಂಡದ್ದು: ಯಂತ್ರ ಕಿತ್ತು ಬಿಸಾಕು ಅಂತಾನೆ. ಅವನು ಹಾಗನ್ನಲಿಲ್ಲ. "ಕೆಡೋ ಸಾಮಾನು ಕೆಡ್ತದ. ಕೆಟ್ಟೈತಿ ಅಂತ ಹೇಳಂಗ ಮಾಡು" ಅಂದ.

ಅದೇ ಹೊಸ ಡಿಸೈನು. ಸಂಕ್ರಾಂತಿಗೆ ಹೋಗಿ ಕೂರಿಸಿದೆ. ಅದರ ನಿಯಮ ಇಲ್ಲಿ ಬರೆದಿಡ್ತೀನಿ, ನಿಮ್ಮಲ್ಲಿ ಯಾರಾದರೂ ತೊಟ್ಟಿಗೋ ಹೊಂಡಕ್ಕೋ ಇಂಥದ್ದು ಮಾಡೋರಿದ್ದರೆ ಉಪಯೋಗಕ್ಕೆ ಬಂದೀತು.

ಅಂಕಿ ಸಿಗದಿದ್ದರೆ 'ಸಿಗಲಿಲ್ಲ' ಅಂತಲೇ ತೋರಿಸಬೇಕು. ಗ್ರಾಫಿನಲ್ಲಿ ತೂತು ಬೀಳಲಿ. ತೂತೂ ಒಂದು ಸುದ್ದಿಯೇ. ಒಂದು ಗಂಟೆ ಅಂಕಿ ಅಲ್ಲಾಡದಿದ್ದರೆ ಪ್ರೋಬು ಸತ್ತಿದೆ ಅಂತ ತಿಳಿಯಬೇಕು, ಯಾಕಂದರೆ ಜೀವ ಇರೋ ನೀರಿನಲ್ಲಿ ಯಾವುದೂ ನೇರ ಗೆರೆಯಲ್ಲಿ ಹೋಗಲ್ಲ. ಸಂಶಯ ಬಂದರೆ ಏರೇಟರ್ ಆನ್ ಆಗಬೇಕು, ಆಫ್ ಅಲ್ಲ. ಸುಮ್ಮನೆ ತಿರುಗಿದರೆ ಹೋಗೋದು ಕರೆಂಟ್ ಬಿಲ್ಲು, ತಿರುಗದಿದ್ದರೆ ಹೋಗೋದು ಹೊಂಡ. ಪ್ರೋಬು ಏನೇ ಹೇಳಲಿ, ರಾತ್ರಿ ಎರಡರಿಂದ ಆರರ ತನಕ ಮಾಮೂಲಿ ಟೈಮರಿನಲ್ಲಿ ಏರೇಟರ್ ತಿರುಗಲೇಬೇಕು. ಆ ಟೈಮರಿಗೂ ನನ್ನ ಬೋರ್ಡಿಗೂ ಸಂಬಂಧ ಇಲ್ಲ. ಎಚ್ಚರಿಕೆ ಮೆಸೇಜಾಗಿ ಬರಬಾರದು, ರಿಂಗಾಗಬೇಕು. ಅದಕ್ಕಿಂತ ಮುಖ್ಯ, ಬೋರ್ಡು ಹತ್ತು ನಿಮಿಷ ಮಾತಾಡದೇ ಹೋದರೂ ರಿಂಗಾಗಬೇಕು. ಕೊನೆಯದು, ದಿನಾ ಒಂದು ಸಲ ಅಣ್ಣ ತನ್ನ ಕೈಯಾರೆ ಕಿಟ್ಟಿನಲ್ಲಿ ಟೆಸ್ಟ್ ಮಾಡಿ ನೋಟ್‌ಬುಕ್ಕಿನಲ್ಲಿ ಬರೀಬೇಕು.

ಈ ಕೊನೆಯದನ್ನು ಸೇರಿಸಿದ್ದು ಅಣ್ಣನೇ. ಅದನ್ನು ಕಾಕಾಗೆ ಹೇಳಿದಾಗ ಅವರಿಗೆ ಖುಷಿಯಾಯ್ತು. ನಮ್ಮ ಕಡೆ ಬರೆದಿಡೋದು ಹೊಸದಲ್ಲ ಬಿಡಿ. 1915ರಲ್ಲಿ ಚಿನ್ನ ಹುಡುಕ್ತಾ ಮಸ್ಕಿಗೆ ಬಂದ ಬೀಡನ್ ಅನ್ನೋ ಗಣಿ ಇಂಜಿನಿಯರನಿಗೆ ಗುಡ್ಡದಲ್ಲಿ ಸಿಕ್ಕಿದ್ದು ಅಶೋಕನ ಶಾಸನ, ಅದರಲ್ಲಿ ರಾಜನ ಹೆಸರೇ ಇತ್ತು. ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಗಟ್ಟಿಯಾಗಿದ್ದು ಅದರಿಂದ. ಎರಡು ಸಾವಿರ ವರ್ಷ ದಾಟಿದ ಲಾಗು. ಅಲ್ಲಲ್ಲಿ ಅಕ್ಷರ ಸವೆದಿವೆ. ಸವೆದ ಜಾಗದಲ್ಲಿ ಕಲ್ಲು ಹಿಂದಿನ ಅಕ್ಷರವನ್ನೇ ಮತ್ತೆ ತೋರಿಸಲ್ಲ, ಖಾಲಿಯೇ ತೋರಿಸುತ್ತೆ.

ಬೆಂಗಳೂರಿನ ಹಾಲಿನಲ್ಲಿ ಈಗ ಒಂದು ತೊಟ್ಟಿ ಇದೆ. 200 ಅಲ್ಲ, 100 ಲೀಟರ್. ಹವಳ ಇಲ್ಲ. ಮಾಮೂಲಿ ಸೆರಾಮಿಕ್ ಕಲ್ಲು, ಹ್ಯಾಚರಿಯಲ್ಲೇ ಹುಟ್ಟಿದ ಎರಡು ಕ್ಲೌನ್ ಮೀನು. ಯಂತ್ರ ಒಂದೇ ಒಂದು: ಆವಿಯಾದ ನೀರಿನಷ್ಟು ಸಿಹಿನೀರು ತುಂಬೋ ಸಣ್ಣ ಪಂಪು. ಅದರ ಕ್ಯಾನು ಬೇಕೆಂದೇ 5 ಲೀಟರಿನದು ಇಟ್ಟೀನಿ. ಪಂಪು ಅಂಟಿಕೊಂಡು ಎಲ್ಲವನ್ನೂ ಸುರಿದರೂ ಉಪ್ಪು 35ರಿಂದ 33ರ ಹತ್ತಿರಕ್ಕೆ ಇಳಿದೀತು, ಮೀನು ಬದುಕುತ್ತವೆ. ತೊಟ್ಟಿಯ ಮೇಲೆ 5 ಲೀಟರಿನಷ್ಟು ಜಾಗವನ್ನೂ ಖಾಲಿ ಬಿಟ್ಟೀನಿ. ದೊಡ್ಡ ಕ್ಯಾನು ಇಟ್ಟಿದ್ದರೆ ವಾರಕ್ಕೊಮ್ಮೆ ತುಂಬಿದರೆ ಸಾಕಿತ್ತು. ಈಗ ಮೂರು ದಿನಕ್ಕೊಮ್ಮೆ ತುಂಬಬೇಕು. ಆ ನೆಪಕ್ಕೆ ಮೂರು ದಿನಕ್ಕೊಮ್ಮೆ ತೊಟ್ಟಿಯನ್ನು ಹತ್ತಿರ ಹೋಗಿ ನೋಡ್ತೀನಿ. ಮಗಳು ಟೆಸ್ಟ್ ಕಿಟ್ಟಿನ ಹನಿ ಎಣಿಸಿ ಹಾಕ್ತಾಳೆ, ಬಣ್ಣ ನೋಡಿ ನೋಟ್‌ಬುಕ್ಕಿನಲ್ಲಿ ಬರೀತಾಳೆ. ಒಂದು ದಿನ ಮರೆತರೆ ಆ ಸಾಲು ಖಾಲಿ ಬಿಡ್ತಾಳೆ. ಹಿಂದಿನ ದಿನದ್ದನ್ನೇ ಬರಿ ಅಂತ ನಾನು ಹೇಳಲ್ಲ.

ಗಟ್ಟಿ ಹವಳ ನೋಡಬೇಕು ಅನಿಸಿದಾಗ ಮುರುಡೇಶ್ವರಕ್ಕೆ ಬಸ್ ಇದೆ.

ಮೊನ್ನೆ ರಾತ್ರಿ ಮೂರೂವರೆಗೆ ಫೋನ್ ರಿಂಗಾಯ್ತು. ಎದೆ ಧಸಕ್ ಅಂತ ಎದ್ದು ನೋಡಿದರೆ ಅಲಾರಂ ಅಲ್ಲ, ಅಣ್ಣ.

"ಏನಾತಣ್ಣ?"

"ಏನಿಲ್ಲೋ. ಮೋಡ ಆಗ್ಯಾವು, ಎಚ್ಚರಾತು. ಹೊಂಡ ಸುತ್ತಿ ಬಂದೆ. ಎಲ್ಲಾ ತಳದಾಗ ಅದಾವು, ಆರಾಮ. ನಿನ್ನ ಮೀಟರ್ ಎಷ್ಟು ಹೇಳ್ತದ?"

ನೋಡಿದೆ. "4.1."

"ಹಂ. ಸರಿ ಐತಿ. ಇಳಿಯಾಕತ್ತೈತಿಲ್ಲ?"

"ಇಳಿಯಾಕತ್ತೈತಿ."

"ಹಂಗಾರ ಮಲ್ಕೋ" ಅಂದು ಫೋನಿಟ್ಟ.